ಹೋರಿಯ ಹೊಟ್ಟೆಯ ಗೆರೆ

ತಾಮ್ರದ ತಗಡಿನ ಮೇಲೆ ಗೀರುವುದೇ ಕಸುಬಾಗಿದ್ದರಿಂದ ಊರವರು ಅವನನ್ನು ಗೀರಪ್ಪ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಅದು ಹೆಂಡತಿಯೊಬ್ಬಳಿಗೆ ಗೊತ್ತಿತ್ತು. ಸಿಟ್ಟು ಬಂದರೆ ಅವಳೂ ಗೀರಪ್ಪ ಎಂದೇ ಅನ್ನುತ್ತಿದ್ದಳು.

ಪ್ರಾಣಿಗಳ ಚಿತ್ರ ಮಾಡುವುದರಲ್ಲಿ ಅವನದು ಎತ್ತಿದ ಕೈ. ಉಳ್ಳವರು ತಮ್ಮ ಕುದುರೆಯನ್ನೋ ಬೇಟೆನಾಯಿಯನ್ನೋ ನಾಲ್ಕು ಜನ ನೋಡಲಿ ಎಂದುಕೊಂಡಾಗ ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಲಾಯಕ್ಕೋ ಕೊಟ್ಟಿಗೆಗೋ ಹೋಗಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಪ್ರಾಣಿಯನ್ನು ಕಾಗದದಲ್ಲಿ ಬರೆದುಕೊಂಡು ಬರುವನು. ಆಮೇಲೆ ಮನೆಯ ಮುಂಗೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಉಳಿಯಿಂದ ತಗಡಿಗೆ ಇಳಿಸುವನು. ಗೀರಿದ ಗೆರೆಯಲ್ಲಿ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ, ಮರದ ಯಂತ್ರದ ಚಕ್ರ ತಿರುಗಿಸಿದರೆ ಅಚ್ಚು ಬೀಳುತ್ತಿತ್ತು. ಅದು ಒಣಗಿದ ಮೇಲೆ ಬಣ್ಣ ತುಂಬುವುದು ಹೆಂಡತಿಯ ಕೆಲಸ. "ಇವರೆಲ್ಲ ಹೆಂಡ್ತೀರ ಚಿತ್ರ ಯಾಕೆ ಮಾಡಿಸಲ್ಲ?" ಎಂದು ಅವಳು ಒಮ್ಮೆ ಕೇಳಿದ್ದಳು. "ಹೆಂಡ್ತೀರಿಗೆ ತೋರಿಸಬೇಕಾಗುತ್ತಲ್ಲ" ಎಂದಿದ್ದ ಗೀರಪ್ಪ.

ಈ ಕಸುಬಿನಲ್ಲಿ ಎಲ್ಲರೂ ನಡೆಸಿಕೊಂಡು ಬಂದ ರಿವಾಜೊಂದಿತ್ತು. ನೋಡಿದ್ದನ್ನು ಬರೆಯಬೇಕು, ಆಮೇಲೆ ಒಡೆಯನನ್ನು ಕೇಳಬೇಕು. ಕುದುರೆಯ ಒಡೆಯ ಕಾಲು ಇನ್ನಷ್ಟು ಸಣ್ಣಗಿರಲಿ ಅನ್ನುವನು. ನಾಯಿಯ ಒಡೆಯ ಕಣ್ಣಿನಲ್ಲಿ ಬುದ್ಧಿ ಕಾಣಲಿ ಅನ್ನುವನು. ದನದ ಒಡೆಯನದು ಒಂದೇ ಮಾತು: ದಪ್ಪಗಿರಲಿ. ಗೀರಪ್ಪ ಹೂಂ ಅನ್ನುತ್ತಿದ್ದ. ಇದನ್ನು ಯಾರೂ ಸುಳ್ಳು ಎಂದು ಕರೆಯುತ್ತಿರಲಿಲ್ಲ. ಮದುವೆ ಗಂಡನ್ನು ನೋಡಲು ಬಂದವರ ಮುಂದೆ ಹುಡುಗನ ಕುಡಿತದ ಮಾತು ಎತ್ತದಿರುವುದು ಹೇಗೆ ಸುಳ್ಳಲ್ಲವೋ ಇದೂ ಹಾಗೆ.

ಊರಾಚೆ ಧಣಿಯೊಬ್ಬರ ದೊಡ್ಡ ದನದ ಹಟ್ಟಿ ಇತ್ತು. ಅಲ್ಲಿ ದನ ನೋಡಿಕೊಳ್ಳುತ್ತಿದ್ದವನು ಗೀರಪ್ಪನ ಅಳಿಯ. ಹಟ್ಟಿಯ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಅಳಿಯ, ಮಗಳು ಇದ್ದರು. ಆ ಮನೆ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಟ್ಟಿಯಲ್ಲಿ ಒಂದು ಕೆಂದು ಹೋರಿ ಇತ್ತು. ತಾಯಿಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಅದನ್ನು ಅಳಿಯನೇ ತೋಳು ಹಾಕಿ ಎಳೆದಿದ್ದ, ತಾಯಿ ಒದ್ದಾಗ ಬೆರಳಿನಿಂದ ಹಾಲು ಚೀಪಿಸಿದ್ದ. ಅವನು ಅದನ್ನು ಪುಟ್ಟ ಎಂದು ಕರೆಯುತ್ತಿದ್ದ. ಹೋರಿ ಬೆಳೆದು ಬಾಗಿಲು ತುಂಬುವಂತಾದ ಮೇಲೂ ಪುಟ್ಟನೇ. "ನನ್ನನ್ನ ಒಂದು ದಿನನಾದ್ರೂ ಅಷ್ಟು ಮುದ್ದಾಗಿ ಕರೆದಿದ್ರೆ ಕೇಳಮ್ಮ" ಎಂದು ಮಗಳು ತಾಯಿಯ ಹತ್ತಿರ ದೂರುತ್ತಿದ್ದಳು. ದೂರಿನಲ್ಲಿ ನಗುವೇ ಹೆಚ್ಚು.

ಧಣಿ ಆ ಹೋರಿಯ ಚಿತ್ರ ಮಾಡಿಸಲು ಹೊರಟರು. ತಳಿ ಒಳ್ಳೆಯದು, ಅಚ್ಚು ಊರೂರಿಗೆ ಹೋದರೆ ಅದರ ಕರುಗಳನ್ನು ಕೇಳಿಕೊಂಡು ಜನ ಬರುತ್ತಾರೆ ಎಂಬ ಲೆಕ್ಕಾಚಾರ. ಗೀರಪ್ಪ ಹಟ್ಟಿಗೆ ಹೋಗಿ ಬರೆದ. ಅಳಿಯ ಹೋರಿಯ ಕಿವಿಯ ಹಿಂದೆ ತುರಿಸುತ್ತ ನಿಂತಿದ್ದ. ಅದು ಕಣ್ಣು ಅರೆಮುಚ್ಚಿ, ಗಂಗೆದೊಗಲು ಜೋತುಬಿಟ್ಟು, ಬರೆಸಿಕೊಳ್ಳುವುದೇ ತನ್ನ ಕೆಲಸ ಎಂಬಂತೆ ಅಲುಗದೆ ನಿಂತಿತು. ಬರೆದದ್ದು ಚೆನ್ನಾಗಿ ಬಂತು. ಬೆನ್ನು ನೇರ, ತೊಡೆ ಗಟ್ಟಿ, ಹೊಟ್ಟೆ ಎಷ್ಟಿರಬೇಕೋ ಅಷ್ಟು.

ಧಣಿ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ಏನಯ್ಯಾ ಇದು, ಕರು ಬರೆದಿದೀಯಾ?"

"ಹೋರೀನೇ ಧಣಿ."

"ಹೊಟ್ಟೆ ಎಲ್ಲಿ? ಇನ್ನೂ ಕೆಳಗೆ ಬರಲಿ."

ಗೀರಪ್ಪ ಗೆರೆಯನ್ನು ಒಂದು ಬೆರಳು ಕೆಳಗಿಳಿಸಿದ. ತಗಡು ಕೆತ್ತಿ ಮೊದಲ ಅಚ್ಚು ತೆಗೆದು ತೋರಿಸಿದಾಗ ಇನ್ನಷ್ಟು ಎಂದರು. ಮತ್ತೆ ಇಳಿಸಿದ. ಹೊಟ್ಟೆ ಇಳಿದಷ್ಟೂ ಕಾಲು ಗಿಡ್ಡವಾದವು, ತಲೆ ಸಣ್ಣದಾಯಿತು. ಕೊನೆಗೆ ನಾಲ್ಕು ಮೊಳೆಯ ಮೇಲೆ ಕೂರಿಸಿದ ಪೆಟ್ಟಿಗೆಯಂತಾಯಿತು ಹೋರಿ. ಆಗ ಧಣಿಯ ಮುಖ ಅರಳಿತು. ಕೆಳಗೆ ದಪ್ಪ ಅಕ್ಷರದಲ್ಲಿ 'ಪರ್ವತ' ಎಂದು ಕೆತ್ತಿಸಿದರು. ಅಚ್ಚು ನೋಡಿದ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾವ, ಇವನು ಬಾಗಿಲಲ್ಲಿ ಹಿಡಿಯಲ್ಲ. ಗೋಡೆ ಒಡೆಸ್ಬೇಕು."

ಗೀರಪ್ಪನೂ ನಕ್ಕಿದ್ದ.

ಅಚ್ಚು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕ್ಷೌರದ ಅಂಗಡಿ, ದಾರಿಯ ತಂಗುಮನೆ, ಧಾನ್ಯದ ಮಂಡಿ, ಎಲ್ಲಿ ನೋಡಿದರೂ ಗೋಡೆಯ ಮೇಲೆ ಪರ್ವತ. ದೂರದೂರದಿಂದ ದನದ ವ್ಯಾಪಾರಿಗಳು ಹಟ್ಟಿಗೆ ಬರತೊಡಗಿದರು. ಬರುವಾಗ ಕಂಕುಳಲ್ಲಿ ಸುರುಳಿ ಸುತ್ತಿದ ಅಚ್ಚು ಇರುತ್ತಿತ್ತು. ಬಿಡಿಸುವರು, ಚಿತ್ರ ನೋಡುವರು, ಹೋರಿ ನೋಡುವರು, ಮತ್ತೆ ಚಿತ್ರ ನೋಡುವರು. ಒಬ್ಬ ಗಡ್ಡದ ವ್ಯಾಪಾರಿ ಧಣಿಯ ಮುಂದೆಯೇ, "ಇದು ಅದರ ತಮ್ಮನಾ? ದೊಡ್ಡಣ್ಣ ಮೇಯೋಕೆ ಹೋಗಿದಾನಾ?" ಎಂದುಬಿಟ್ಟ. ಜೊತೆಗಿದ್ದವರು ಗೊಳ್ಳೆಂದರು. ಧಣಿಯ ಮುಖ ಇಂಗು ತಿಂದ ಹಾಗಾಯಿತು.

ಅವತ್ತಿನಿಂದ ಹಟ್ಟಿಯ ರೀತಿಯೇ ಬದಲಾಯಿತು.

ಕೆಲವು ವಾರ ಕಳೆದ ಮೇಲೆ ಅಳಿಯ ಮಾವನ ಮನೆಗೆ ಬಂದ. ಮುಂಗೋಣೆಯ ಹೊಸ್ತಿಲ ಮೇಲೆಯೇ ಕೂತ. ಅತ್ತೆ ನೀರು ತಂದುಕೊಟ್ಟಳು. ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

"ಏನಾಯ್ತೋ? ಅವಳು ಹುಷಾರಾಗಿದಾಳೆ ತಾನೆ?" ಅಂದಳು ಅತ್ತೆ.

"ಅವಳಿಗೇನೂ ಇಲ್ಲ ಅತ್ತೆ. ಪುಟ್ಟನದ್ದು." ಅಳಿಯ ಗೀರಪ್ಪನ ಕಡೆ ತಿರುಗಿದ. "ಮಾವ, ಧಣಿ ಅವನನ್ನ ಚಿತ್ರದ ಅಳತೆಗೆ ತಿನ್ನಿಸು ಅಂತ ಕೂತಿದಾರೆ. ಹಿಂಡಿ, ಬೇಯಿಸಿದ ಕಾಳು, ಮೇಲೆ ಎಣ್ಣೆ. ಮೂತಿ ತಿರುಗಿಸಿದ್ರೆ ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಹುಯ್ಯಬೇಕು. ಹೊರಗೆ ಬಿಡೋ ಹಾಗಿಲ್ಲ, ನಡೆದ್ರೆ ಕರಗ್ತಾನಂತೆ. ಗೊರಸು ಬಿಸಿಯಾಗಿ ಕುದೀತಿದೆ. ನೆಲಕ್ಕೆ ಕಾಲೂರೋಕೆ ಆಗ್ದೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಾ ನಿಂತಿರ್ತಾನೆ. ರಾತ್ರಿಯೆಲ್ಲ ಗೋಡೆಯಾಚೆ ಅವನ ಉಸಿರು ಕೇಳ್ಸುತ್ತೆ."

"ಧಣಿಗೆ ಹೇಳಬೇಕಿತ್ತು."

"ಹೇಳದೇ ಇರ್ತೀನಾ? 'ಚಿತ್ರದಲ್ಲಿ ನಿಂತಿಲ್ವಾ ಅಷ್ಟು ದಪ್ಪಗೆ, ಆರಾಮಾಗಿ' ಅಂತಾರೆ."

ಗೀರಪ್ಪ ಉಳಿಯ ಮೊನೆಯನ್ನು ಉಗುರಿನ ಮೇಲೆ ಆಡಿಸುತ್ತ ಕೂತ. ಅಳಿಯ ಲೋಟ ಕೆಳಗಿಟ್ಟ.

"ಮಾವ, ಚಿತ್ರದ ಹೊಟ್ಟೆ ಇಳಿಸಿ, ಸಣ್ಣ ಮಾಡಿ. ನಿಮ್ಮ ಕೈಯಲ್ಲಾಗುತ್ತೆ. ಚಿತ್ರ ಇಳಿದ್ರೆ ಇವನಿಗೆ ತಿನ್ನಿಸೋದೂ ಇಳಿಯುತ್ತೆ. ಹೀಗೇ ಬಿಟ್ರೆ ಅವನು ಉಳಿಯಲ್ಲ. ಅವನು ಹೋದ್ರೆ ತಪ್ಪು ಯಾರ ತಲೆ ಮೇಲೆ ಬರುತ್ತೆ ಅಂತ ಹೇಳಬೇಕಾ?"

ಅವನು ಹೋದ ಮೇಲೆ ಹೆಂಡತಿ ಕುಂಚ ತೊಳೆಯುತ್ತ ಅಂದಳು: "ಧಣಿ ಹತ್ರ ಹೋಗಿ ನೇರವಾಗಿ ಹೇಳಿಬಿಡಿ. ನೀವು ಹೇಳಿದ್ದಕ್ಕೆ ದಪ್ಪ ಬರೆದೆ, ಹೋರಿ ಯಾವತ್ತೂ ಅಷ್ಟಿರಲಿಲ್ಲ ಅಂತ."

"ಹಾಗಂದ್ರೆ ನಾನು ಇಷ್ಟು ದಿನ ಮಾಡಿದ ಕುದುರೆಗಳೆಲ್ಲ ಕತ್ತೆಗಳಾಗ್ತಾವಲ್ಲೇ. ಆಮೇಲೆ ಯಾರು ಕರೀತಾರೆ?"

"ಅವರೇ ಹೇಳಿ ಮಾಡಿಸಿದ್ದಲ್ವಾ? ಮರೆತಿರ್ತಾರಾ?"

"ಗೋಡೆ ಮೇಲೆ ತೂಗುಹಾಕಿದ ದಿನಾನೇ ಮರೆತಿರ್ತಾರೆ" ಎಂದ ಗೀರಪ್ಪ. ಅದು ನಿಜವೂ ಆಗಿತ್ತು. ತಾನು ಹೇಳಿ ಮಾಡಿಸಿದ ಹೊಗಳಿಕೆಯನ್ನು ದಿನಾ ಕೇಳುತ್ತ ಕೇಳುತ್ತ ಮನುಷ್ಯ ಅದನ್ನು ಹುಟ್ಟಿನಿಂದ ಬಂದ ಸೊತ್ತೆಂದೇ ತಿಳಿಯುತ್ತಾನೆ. ಧಣಿ ಕೆಟ್ಟವರೇನಲ್ಲ, ಬೆಳಿಗ್ಗೆ ಎದ್ದು ಮೊದಲು ಆ ಚಿತ್ರ ನೋಡುತ್ತಿದ್ದರು, ಆಮೇಲೆ ಹಟ್ಟಿಗೆ ಬಂದು ಹೋರಿಯನ್ನು ನೋಡುತ್ತಿದ್ದರು. ದಿನಾ ಅವರಿಗೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು, ಅಷ್ಟೇ.

ಗೀರಪ್ಪನಿಗೆ ಒಂದು ದಾರಿ ಕಂಡಿತು. ಅಚ್ಚು ಹಾಕುತ್ತ ಹೋದ ಹಾಗೆ ತಾಮ್ರ ಸವೆಯುತ್ತದೆ, ಗೆರೆ ಮಾಸುತ್ತದೆ. ಆಗ ತಗಡನ್ನು ಮತ್ತೆ ಕೆತ್ತಿ ಹೊಸದು ಮಾಡುವುದು ಮಾಮೂಲು. ಪರ್ವತದ ತಗಡೂ ಸವೆದಿತ್ತು, ತಿದ್ದಿಕೊಡು ಎಂದು ಧಣಿಯೇ ಹೇಳಿದ್ದರು. ತಿದ್ದುವ ನೆಪದಲ್ಲಿ ಹೊಟ್ಟೆಯ ಗೆರೆಯನ್ನು ಮೇಲಕ್ಕೆ ಎತ್ತಿಬಿಟ್ಟರೆ ಯಾರಿಗೂ ಗೊತ್ತಾಗದ ಹಾಗೆ ಕೆಲಸ ಆಗುತ್ತದೆ. ಯಾರನ್ನೂ ಎದುರು ಹಾಕಿಕೊಳ್ಳಬೇಕಿಲ್ಲ, ಯಾರ ಮುಂದೆಯೂ ಬಾಯಿಬಿಡಬೇಕಿಲ್ಲ. ಜೀವನವಿಡೀ ಬಗ್ಗಿ ಕೂತು ಗೆರೆ ಎಳೆದವನಿಗೆ ಎದ್ದು ನಿಂತು ಮಾತಾಡುವುದಕ್ಕಿಂತ ಗೆರೆ ಎಳೆಯುವುದೇ ಸುಲಭವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ತಾಮ್ರದಲ್ಲಿ ಕೂಡಿಸುವುದು ಸುಲಭ, ಕಳೆಯುವುದು ಕಷ್ಟ. ಗೆರೆ ಬೇಕೆಂದರೆ ಉಳಿ ಒತ್ತಿದರಾಯಿತು. ಗೆರೆ ಬೇಡವೆಂದರೆ ಅದರ ಆಳದವರೆಗೂ ತಾಮ್ರವನ್ನು ಹೆರೆಯಬೇಕು. ಹೆರೆದ ಜಾಗ ಎಣ್ಣೆ ಹಾಕಿ ಉಕ್ಕಿನ ಸಲಾಕೆಯಿಂದ ಉಜ್ಜಿ ನುಣುಪು ಮಾಡಬೇಕು. ಅಷ್ಟಾದರೆ ಅಲ್ಲಿ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ಮಸಿ ನಿಂತು ಕಲೆಯಾಗುತ್ತದೆ. ಅದಕ್ಕೆ ತಗಡನ್ನು ಮಗುಚಿ ಬೆನ್ನ ಕಡೆಯಿಂದ ಸುತ್ತಿಗೆಯಲ್ಲಿ ತಟ್ಟಿ ತಗ್ಗನ್ನು ಮೇಲೆಬ್ಬಿಸಬೇಕು. ಗೀರಪ್ಪ ಹಗಲಿಡೀ ಅದೇ ಮಾಡಿದ. ಹೊಟ್ಟೆಯ ಕೂದಲನ್ನು ಒಂದೊಂದಾಗಿ ತೆಗೆದ. ಹೆರೆದ ತಾಮ್ರ ಕೆಂಪು ಪುಡಿಯಾಗಿ ಪಂಚೆಯ ಮೇಲೆ ಬಿತ್ತು. ಬೆರಳ ಸಂದಿ ಬೊಬ್ಬೆ ಎದ್ದಿತು. ಹೆಂಡತಿ ಬಂದು ನೋಡಿ, "ನನ್ನ ಹೊಟ್ಟೆಗೂ ಸ್ವಲ್ಪ ಈ ಸಲಾಕೆ ಆಡಿಸಿ" ಅಂದಳು. ಅವನು ತಲೆ ಎತ್ತಲಿಲ್ಲ, ಆದರೆ ತುಟಿ ಅಲುಗಿತು.

ಹೊಸ ಅಚ್ಚು ತೆಗೆದ ದಿನ ಅಳಿಯ, ಮಗಳು ಇಬ್ಬರೂ ಬಂದಿದ್ದರು. ಒದ್ದೆ ಕಾಗದ ಎತ್ತಿದಾಗ ಅಳಿಯ ಹತ್ತಿರ ಬಗ್ಗಿದ. ಹೊಟ್ಟೆ ಎರಡು ಬೆರಳು ಮೇಲೇರಿತ್ತು, ಕಾಲುಗಳು ಮತ್ತೆ ಕಾಲಿನಂತೆ ಕಂಡವು. ಅವನು ಚಿತ್ರದ ಕಿವಿಯ ಹಿಂದೆ ಬೆರಳಿಡಲು ಹೋಗಿ, ಮಸಿ ಹಸಿಯೆಂದು ಕೈ ಹಿಂದೆ ತೆಗೆದ.

"ಇವನೇ ಮಾವ. ಇವನೇ ನಮ್ಮ ಪುಟ್ಟ. ಇನ್ನೂ ಚೂರು ದಪ್ಪ ಇದಾನೆ, ಆದ್ರೂ ಇವನೇ."

"ಒಂದೇ ಸಲ ಇಳಿಸಿದ್ರೆ ಗೊತ್ತಾಗುತ್ತೆ. ಮುಂದಿನ ಸಲ ಮಿಕ್ಕಿದ್ದು" ಎಂದ ಗೀರಪ್ಪ. ಅವತ್ತು ಅವರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿದರು. ಮಗಳು ಅಪ್ಪನ ಬೊಬ್ಬೆಗೆ ಬೆಣ್ಣೆ ಹಚ್ಚಿದಳು.

ಮಾರನೆಯ ದಿನ ಗೀರಪ್ಪ ಅಚ್ಚನ್ನು ಸುತ್ತಿಕೊಂಡು ಧಣಿಯ ಮನೆಗೆ ಹೋದ. ಹೋಗುವ ದಾರಿಯಲ್ಲೇ ಏನು ಹೇಳಬೇಕೆಂದು ಕಟ್ಟಿಕೊಂಡಿದ್ದ. ಕೇಳಿದರೆ ತಾನೇ ಹೇಳುವುದು. ಆದರೆ ಧಣಿಯ ಮೇಜಿನ ಎದುರಿಗೇ ಗೋಡೆಯ ಮೇಲೆ ಹಳೆಯ ಅಚ್ಚು ಚೌಕಟ್ಟಿನಲ್ಲಿ ಕೂತಿತ್ತು. ಅದನ್ನು ಗೀರಪ್ಪ ಮರೆತಿದ್ದ.

ಧಣಿ ಹೊಸದನ್ನು ಬಿಡಿಸಿದರು. ಗೋಡೆ ನೋಡಿದರು. ಎದ್ದು ಹೋಗಿ ಹೊಸದನ್ನು ಹಳೆಯದರ ಪಕ್ಕ ಹಿಡಿದರು.

"ಹೊಟ್ಟೆ ಕಮ್ಮಿಯಾಗಿದೆ."

ಕಟ್ಟಿಕೊಂಡು ಬಂದಿದ್ದ ಮಾತು ಗೀರಪ್ಪನ ಬಾಯಿಂದ ತಾನಾಗಿ ಬಂತು. "ಮತ್ತೆ ಹಟ್ಟಿಗೆ ಹೋಗಿ ನೋಡಿಕೊಂಡೇ ತಿದ್ದಿದೆ ಧಣಿ. ಕಣ್ಣಿಗೆ ಕಂಡ ಹಾಗೇ ಇದೆ. ಈಗ ಹೋರಿ ಇರೋದೇ ಹೀಗೆ."

ಹೋರಿ ಇರುವುದೇ ಹೀಗೆ ಎಂದಮೇಲೆ ಚಿತ್ರವೂ ಹೀಗೇ ಇರಲಿ ಎಂದು ಧಣಿ ತೃಪ್ತರಾಗುತ್ತಾರೆ, ಗೊಣಗಾಟ ಅಲ್ಲಿಗೆ ಮುಗಿಯುತ್ತದೆ ಎಂದು ಅವನ ಲೆಕ್ಕ. ಧಣಿ ಮಾತ್ರ ಆ ಎರಡು ಕಾಗದಗಳ ನಡುವಿನ ಎರಡು ಬೆರಳು ಜಾಗವನ್ನೇ ನೋಡುತ್ತ ನಿಂತರು.

"ಹಾಗಾದ್ರೆ ಇಳಿದಿದಾನೆ" ಎಂದರು ಮೆಲ್ಲಗೆ. "ನನಗೆ ಅನ್ನಿಸ್ತಾನೇ ಇತ್ತು. ದಿನಾ ಅಷ್ಟು ಹಿಂಡಿ, ಅಷ್ಟು ಎಣ್ಣೆ ಹೋಗುತ್ತೆ. ಹೋರಿ ಇಳೀತಾ ಹೋಗುತ್ತೆ. ಅದೆಲ್ಲ ಯಾರ ಹೊಟ್ಟೆ ಸೇರ್ತಿದೆ ಗೀರಪ್ಪ?"

ಗೀರಪ್ಪನಿಗೆ ಮಾತಿನ ಜಾಡು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹಿಡಿದಾಗ ಎರಡು ಹೆಜ್ಜೆ ಮುಂದೆ ಬಂದ.

"ಧಣಿ, ಹಾಗಲ್ಲ. ಹೋರಿ ಇಳಿದಿಲ್ಲ. ನಾನೇ ಇಳಿಸಿದೆ."

"ಈಗ ತಾನೇ ನೋಡಿಕೊಂಡು ತಿದ್ದಿದೆ ಅಂದೆ."

"ಸುಳ್ಳು ಹೇಳಿದೆ. ಅವನು ಯಾವತ್ತೂ ಈ ಹಳೇ ಚಿತ್ರದಷ್ಟು ಇರಲೇ ಇಲ್ಲ. ನೀವು ಹೇಳಿದ್ರಿ, ನಾನು ದಪ್ಪ ಮಾಡಿದೆ. ನೆನಪಿಸಿಕೊಳ್ಳಿ, ಕರು ಬರೆದಿದೀಯಾ ಅಂದ್ರಿ..."

ಧಣಿ ನಕ್ಕರು. ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು, ಅದೇ ಕೆಟ್ಟದ್ದು. "ಅಳಿಯ ಅಂದ್ರೆ ಕರುಳು ಚುರ್ ಅನ್ನುತ್ತೆ, ಗೊತ್ತು ಕಣಯ್ಯಾ. ಆದ್ರೆ ಅವನಿಗೋಸ್ಕರ ನಿನ್ನ ಕಸುಬಿಗೇ ಮಸಿ ಬಳಕೋತೀಯಲ್ಲ. ಗೀರಪ್ಪನ ಕಣ್ಣಿಗೆ ಮೋಸ ಇಲ್ಲ ಅಂತ ಊರೇ ಹೇಳುತ್ತೆ. ನಿನ್ನ ಕೈ ಸತ್ಯ ಹೇಳಿದೆ, ಬಾಯಿ ಈಗ ಸುಳ್ಳು ಹೇಳ್ತಿದೆ. ನಾನು ಯಾವುದನ್ನ ನಂಬಲಿ?"

ಗೀರಪ್ಪ ಇನ್ನೂ ಏನೇನೋ ಹೇಳಿದ. ಬನ್ನಿ, ಹಗ್ಗ ಹಿಡಿದು ಅಳೆಯೋಣ ಎಂದ. ಅಳೆದರೂ ಏನು ಬಂತು, ಮೊದಲು ಎಷ್ಟಿದ್ದ ಎಂದು ಅಳೆದವರು ಯಾರು ಎಂದರು ಧಣಿ. ಮೊದಲಿನ ಅಳತೆ ಇದ್ದದ್ದು ಗೋಡೆಯ ಮೇಲೆ ಮಾತ್ರ.

ಸಂಜೆಯೊಳಗೆ ಮಗಳು ಅಳಿಯ ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಗೀರಪ್ಪನ ಮನೆ ಬಾಗಿಲಿಗೆ ಬಂದರು. ಪಾತ್ರೆ, ಹಾಸಿಗೆ, ಕಾಲು ಮುರಿದ ಸ್ಟೂಲು. ಮೇವು ಕದ್ದು ಮಾರಿದವನು ಎಂಬ ಹೆಸರು ಅವರಿಗಿಂತ ಮೊದಲೇ ಬೀದಿಗೆ ಬಂದು ಮುಟ್ಟಿತ್ತು. ಎದುರುಮನೆಯವಳು ಕಿಟಕಿಯಿಂದ ಕದಲಲಿಲ್ಲ.

"ಅಪ್ಪ, ಕಂಡ ಹಾಗೇ ಇದೆ ಅಂತ ಹೇಳು ಅಂದೋರು ಯಾರು?" ಎಂದಳು ಮಗಳು, ಹಾಸಿಗೆ ಸುರುಳಿಯನ್ನು ಗೋಡೆಗೆ ಒರಗಿಸುತ್ತ. "ಸುಮ್ನೆ ಕೈ ತಪ್ಪಿತು ಅಂದಿದ್ರೆ ಆಗ್ತಿರಲಿಲ್ವಾ?"

ಕೈ ತಪ್ಪಿತು ಎಂಬ ಮಾತು ಗೀರಪ್ಪನ ತಲೆಗೆ ಹೊಳೆದೇ ಇರಲಿಲ್ಲ. ಅವನ ಕೈ ಯಾವತ್ತೂ ತಪ್ಪುತ್ತಿರಲಿಲ್ಲ.

"ಇರಲಿ ಬಿಡೇ" ಎಂದ ಅಳಿಯ. "ಇಳಿಸಿ ಅಂತ ಕೇಳಿದ್ದು ನಾನು." ಆಮೇಲೆ ಅತ್ತೆಯನ್ನು ಕೇಳಿದ, "ಗೊರಸಿಗೆ ತಣ್ಣೀರು ಹಾಕೋಕೆ ಹೊಸಬನಿಗೆ ಹೇಳಿ ಬಂದೆ. ಹಾಕ್ತಾನೆ ಅಂತೀರಾ?"

"ಹಾಕ್ತಾನೆ ಬಿಡಪ್ಪ" ಎಂದಳು ಅತ್ತೆ. ಬೇರೆ ಏನು ತಾನೇ ಹೇಳಿಯಾಳು?

ಅಳಿಯ ಕೆಲಸ ಹುಡುಕಿಕೊಂಡು ಹೋಗದ ಹಟ್ಟಿಯಿಲ್ಲ. ಕುದುರೆ ಲಾಯಗಳಿಗೂ ಹೋಗಿಬಂದ. ಕೆಲವರು ಮುಖದ ಮೇಲೇ ಹೇಳಿದರು, ಕೆಲವರು ಆಮೇಲೆ ಹೇಳಿಕಳಿಸುತ್ತೇವೆ ಎಂದರು. ಕುರಿ ಸಾಕುವವನೊಬ್ಬ ಮಾತ್ರ, "ಬರೋದಾದ್ರೆ ಬಾ, ಆದ್ರೆ ಮೇವಿನ ಕೋಣೆ ಬೀಗ ನನ್ನ ಹತ್ರಾನೇ ಇರುತ್ತೆ" ಎಂದ. ಅಳಿಯ ಮನೆಗೆ ವಾಪಸು ಬಂದ.

ಧಣಿಯಿಂದ ಗೀರಪ್ಪನಿಗೆ ಕರೆ ಬಂದಾಗ ಬಿಸಿಲು ಜೋರಾಗಿತ್ತು. ಹೋರಿಗೆ ಹುಷಾರಿಲ್ಲ, ಹಳೆಯ ತಗಡು ಹಾಳಾಯಿತಲ್ಲ, ಹೊಸದಕ್ಕೆ ಬೇಗ ಬರೆದುಕೊಂಡು ಹೋಗಬೇಕಂತೆ. ಹೋಗುವುದು ಬೇಡ ಎಂದಳು ಮಗಳು. ಹೋಗಿ ಮಾವ, ನೋಡಿ ಬನ್ನಿ ಎಂದ ಅಳಿಯ.

ಹಟ್ಟಿಯ ಮೂಲೆಯಲ್ಲಿ ಹೋರಿ ಮಲಗಿತ್ತು. ಹೋರಿಯೆಂದು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಚಿತ್ರದಲ್ಲಿ ಗೀರಪ್ಪ ಎಳೆದಿದ್ದ ಆ ದಪ್ಪ ಹೊಟ್ಟೆಯ ಗೆರೆಯೇ ಈಗ ಜೀವ ಬಂದು ನೆಲದ ಮೇಲೆ ಹರಡಿತ್ತು. ಹೊಟ್ಟೆ ಒಂದು ಕಡೆ ಮೂಟೆಯಂತೆ ಬಿದ್ದಿತ್ತು, ಕಾಲುಗಳು ಅದರಡಿಯಿಂದ ಕಡ್ಡಿಯಂತೆ ಹೊರಚಾಚಿದ್ದವು. ಬಾಯಿಂದ ನೊರೆ. ಉಸಿರು ಎಳೆದಾಗ ಪಕ್ಕೆ ಏಳುತ್ತಿರಲಿಲ್ಲ, ಗಂಟಲಷ್ಟೇ ಏಳುತ್ತಿತ್ತು.

ಹೊಸ ಕೆಲಸದವನು ಬಕೆಟ್ಟು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಮುಖವೂ ಬಿಳಿಚಿಕೊಂಡಿತ್ತು. "ನೀವು ಅವನ ಮಾವ ಅಲ್ವಾ? ಇದನ್ನ ಅವನು ಏನಂತ ಕರೀತಿದ್ದ? ಪರ್ವತ ಪರ್ವತ ಅಂದ್ರೆ ಕಿವಿನೂ ಆಡಿಸಲ್ಲ."

"ಪುಟ್ಟ."

ಕೆಲಸದವನು ಬಗ್ಗಿ ಪುಟ್ಟಾ ಎಂದ. ಹೋರಿಯ ಕಿವಿ ನಿಮಿರಿತು. ತಲೆ ಎತ್ತಲು ನೋಡಿತು, ಆಗಲಿಲ್ಲ. ಬಾಗಿಲ ಕಡೆ ಕಣ್ಣು ಹೊರಳಿಸಿತು. ಬಾಗಿಲಲ್ಲಿ ಧಣಿ ನಿಂತಿದ್ದರು.

"ಧಣಿ, ನನ್ನ ಅಳಿಯನನ್ನ ಒಂದು ಸಲ ಒಳಗೆ ಬಿಡಿ" ಎಂದ ಗೀರಪ್ಪ. "ಅವನು ಕರೆದ್ರೆ ಏಳಬಹುದು. ಹಿಂಡಿ ನಿಲ್ಲಿಸಿ, ನಡೆಸಿದ್ರೆ..."

"ಕಳ್ಳನನ್ನ ಕರ್ಕೊಂಡು ಬಂದು ಕೊಟ್ಟಿಗೆಗೆ ಬಿಡಲಾ? ಅವನು ಒಣಗಿಸಿಟ್ಟಿದ್ದಕ್ಕೇ ತಾನೇ ಇವನು ಈಗ ತಿಂದದ್ದು ತಡ್ಕೊಳ್ಳೋಕೆ ಆಗ್ದೆ ಬಿದ್ದಿರೋದು?" ಧಣಿಯ ದನಿ ಒಡೆದಿತ್ತು. ಅವರಿಗೂ ಸಂಕಟವೇ, ಆ ಸಂಕಟಕ್ಕೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು, ಸಿಕ್ಕಿದ್ದ. "ನೀನು ಬರಿ. ನಿಂತ ಹಾಗೆ ಬರಿ. ಮೊದಲಿನ ಹಾಗೆ."

ಗೀರಪ್ಪ ಬುಟ್ಟಿ ಬೋರಲು ಹಾಕಿಕೊಂಡು ಕೂತ. ಮಲಗಿದ್ದನ್ನು ನೋಡುತ್ತ ನಿಂತದ್ದನ್ನು ಬರೆದ. ನೋಡದೆಯೂ ಬರೆಯಬಹುದಿತ್ತು. ಆದರೆ ನೋಡದೆ ಬರೆಯುವುದು ಅವನಿಂದ ಆಗಲಿಲ್ಲ. ಕಣ್ಣು ಒಂದನ್ನು ಮಾತ್ರ ಇದ್ದಂತೆಯೇ ಬರೆದ, ಬಾಗಿಲ ಕಡೆ ಹೊರಳಿದ್ದನ್ನು. ಬರೆದು ಮುಗಿಸಿ ಎದ್ದಾಗ ಕೆಲಸದವನು ಇನ್ನೂ ಪುಟ್ಟಾ ಪುಟ್ಟಾ ಎನ್ನುತ್ತಲೇ ಇದ್ದ. ಕಿವಿ ಈಗ ಅಲುಗುತ್ತಿರಲಿಲ್ಲ.

ಮನೆಗೆ ಬಂದಾಗ ಅಳಿಯ ಹೊಸ್ತಿಲ ಮೇಲೆ ಕಾದಿದ್ದ, ಎದ್ದು ದಾರಿ ಬಿಟ್ಟ. ಗೀರಪ್ಪ ಕಾಗದವನ್ನು ಬಿಡಿಸದೆ ಕಪಾಟಿನ ಮೇಲಿಟ್ಟ. ಮರುದಿನ ಮಧ್ಯಾಹ್ನ ಸುದ್ದಿ ಬಂತು. ಅಳಿಯ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತ. ಮಗಳು ಹೋಗಿ ಪಕ್ಕದಲ್ಲಿ ಕೂತಳು. ಹಗ್ಗದ ಮೇಲಿನ ಬಟ್ಟೆ ಒಣಗಿತು, ಬಿಸಿಲು ಗೋಡೆ ದಾಟಿತು, ಅತ್ತೆ ಎರಡು ಸಲ ಬಂದು ಕರೆದು ಹೋದಳು.

ಸತ್ತ ಮೇಲೆ ಹೋರಿಯ ಹೆಸರು ಇನ್ನೂ ದೊಡ್ಡದಾಯಿತು. ಅಂಥ ಹೋರಿ ಇನ್ನು ಹುಟ್ಟುವುದಿಲ್ಲ ಎಂದು ನೋಡದವರೂ ಹೇಳತೊಡಗಿದರು. ಹೊಸ ತಗಡಿನಲ್ಲಿ ಹೊಟ್ಟೆ ಮೊದಲಿಗಿಂತ ಕೆಳಗಿರಲಿ ಎಂದರು ಧಣಿ, ಗೀರಪ್ಪ ಕೆತ್ತಿಕೊಟ್ಟ. ಅಚ್ಚು ಎಷ್ಟು ಹಾಕಿದರೂ ಸಾಲದು. ಯಂತ್ರ ತಿರುಗಿಸಲು ಗೀರಪ್ಪನ ತೋಳಿನಲ್ಲಿ ಕಸುವಿರಲಿಲ್ಲ. ಬೇರೆಲ್ಲೂ ಕೆಲಸ ಸಿಗದ ಅಳಿಯನೇ ಚಕ್ರ ಹಿಡಿದ. ಮಸಿ ತುಂಬು, ಒರೆಸು, ಕಾಗದ ಹೊದಿಸು, ತಿರುಗಿಸು. ಬಿದ್ದ ಅಚ್ಚನ್ನು ಚಿತ್ರ ತನಗೆ ಕಾಣದಂತೆ ಎತ್ತುವುದನ್ನು ಅವನು ಬಹಳ ಬೇಗ ಕಲಿತ. ಹಾಗೆ ಎತ್ತಿದ್ದನ್ನು ಅತ್ತೆ ತೆಗೆದುಕೊಂಡು ಹಗ್ಗಕ್ಕೆ ಹಾಕುವಳು.

ಒಂದು ದಿನ ಅಚ್ಚು ಕೊಳ್ಳಲು ಪರವೂರಿನ ದನದ ವ್ಯಾಪಾರಿಯೊಬ್ಬ ಬಂದ. ಹಗ್ಗದ ಮೇಲಿನ ಹಾಳೆಗಳನ್ನು ನೋಡುತ್ತ ತಲೆ ಅಲ್ಲಾಡಿಸಿ ನಕ್ಕ. "ನಿಜಕ್ಕೂ ಇಷ್ಟು ದಪ್ಪ ಇತ್ತಾ? ಇಲ್ಲ ನೀವೇ ಊದಿಸಿದ್ದಾ?"

ಗೀರಪ್ಪ ಉಳಿ ಕೆಳಗಿಟ್ಟ. ಇಷ್ಟು ಕಾಲದಲ್ಲಿ ಈ ಪ್ರಶ್ನೆಯನ್ನು ನಗುತ್ತಾದರೂ ಕೇಳಿದವನು ಇವನೊಬ್ಬನೇ. ಈ ಸಲವಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದ.

"ಇತ್ತು" ಎಂದ ಅಳಿಯ, ಚಕ್ರದ ಹತ್ತಿರದಿಂದ. ವ್ಯಾಪಾರಿ ತಿರುಗಿ ನೋಡಿದ. ಅಳಿಯ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಬಂದ. "ಇದಕ್ಕಿಂತ ದಪ್ಪಗಿದ್ದ. ಸಾಕಿದ್ದು ನಾನೇ. ನಾನು ಕೆಲಸ ಬಿಡೋ ದಿನ ಇದಕ್ಕಿಂತ ದಪ್ಪಗಿದ್ದ. ಬೇಕಾದ್ರೆ ಹೋಗಿ ಎಲ್ಲರಿಗೂ ಹೇಳಿ."

"ಓಹೋ, ಮೇವಿನ ವಿಷಯದಲ್ಲಿ ಓಡಿಸಿದ್ರಂತಲ್ಲ, ಅದು ನೀನೇನಾ?" ಎಂದ ವ್ಯಾಪಾರಿ. ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ತಿಳಿದುಕೊಳ್ಳುವ ಕುತೂಹಲ ಅಷ್ಟೇ. ಹಾಳೆಗಳಲ್ಲಿ ಚೆನ್ನಾಗಿ ಬಿದ್ದದ್ದೊಂದನ್ನು ಆರಿಸಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೋದ.

ಗೀರಪ್ಪ ಅಳಿಯನ ಮುಖ ನೋಡಿದ. ಅಳಿಯ ನೋಡಲಿಲ್ಲ, ತಗಡಿಗೆ ಮಸಿ ತುಂಬುತ್ತಿದ್ದ, ಹೊಟ್ಟೆಯ ಗೆರೆಗಳು ಬಹಳ ಆಳವಾಗಿದ್ದವು, ಅಲ್ಲಿ ಮಸಿ ಹೆಚ್ಚು ಬೇಕಾಗುತ್ತಿತ್ತು.

"ಮಾವ, ಕಾಗದ ಕೊಡಿ" ಎಂದ.

ಗೀರಪ್ಪ ಒದ್ದೆ ಕಾಗದ ಎತ್ತಿಕೊಟ್ಟ.